ಕೊಳವೆಬಾವಿಯ ಬಾಯಿಯ ಬಳಿ ನಿಲ್ಲುವವರಿಗೆ: ನಾಲ್ಕು ತಾಲೂಕುಗಳ ಪಂಚಾಯಿತಿಗಳಿಗೊಂದು ಬಹಿರಂಗ ಪತ್ರ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೂ ಸದಸ್ಯರಿಗೂ ಅಭಿವೃದ್ಧಿ ಅಧಿಕಾರಿಗಳಿಗೂ,

ಮಾನ್ಯರೇ,

ನಮ್ಮ ಸೀಮೆಯಲ್ಲಿ ಕೋಲಾರದಲ್ಲಿದ್ದಂತೆ ಚಿನ್ನದ ಗಣಿಯಿಲ್ಲ, ಹಟ್ಟಿಯಲ್ಲಿರುವಂತೆ ಪಾತಾಳಕ್ಕಿಳಿಯುವ ಸುರಂಗಗಳಿಲ್ಲ. ಆದುದರಿಂದ ಗಣಿಯ ದುರಂತವೆಂಬುದು ಝಾರ್ಖಂಡಕ್ಕೋ ಬಂಗಾಳಕ್ಕೋ ಸಂಬಂಧಪಟ್ಟ ವಾರ್ತೆಯೆಂದು ಎಣಿಸಿ ಪತ್ರಿಕೆಯ ಪುಟವನ್ನು ಮಗುಚಿಹಾಕುವುದು ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಭೀಮೆಯ ದಡದಿಂದ ಕೃಷ್ಣೆಯ ದಡದವರೆಗೆ, ಡೋಣಿಯ ಎರೆ ಹೊಲಗಳಿಂದ ಇಂಡಿಯ ನಿಂಬೆ ತೋಟಗಳವರೆಗೆ, ಮಳೆ ಕೈಕೊಟ್ಟ ವರುಷಗಳಲ್ಲಿ ನೀರಿನ ಆಸೆಯೊಂದನ್ನೇ ನೆಚ್ಚಿಕೊಂಡು ನಾವು ಭೂಮಿಯ ಒಡಲಿಗೆ ಇಳಿಸಿರುವ ರಂಧ್ರಗಳನ್ನು ನೆನೆದುಕೊಂಡರೆ, ನೆಲದಡಿಯ ಅಪಾಯ ನಮ್ಮ ಮನೆಯಂಗಳಕ್ಕೇ ಬಂದು ಕುಳಿತಿರುವುದು ಮನವರಿಕೆಯಾಗುತ್ತದೆ. ಗಣಿಗೆ ಕಾಯಿದೆಯ ಪ್ರಕಾರ ಒಬ್ಬ ಮ್ಯಾನೇಜರನಿರುತ್ತಾನೆ, ಒಳಗಿಳಿದವರ ಹೆಸರುಗಳ ಹಾಜರಿ ಪುಸ್ತಕವಿರುತ್ತದೆ, ರಕ್ಷಣೆಗೆಂದು ತರಬೇತಿ ಪಡೆದವರಿರುತ್ತಾರೆ. ನಮ್ಮ ಕೊಳವೆಬಾವಿಗಾದರೋ ಹೊಲದ ಯಜಮಾನನನ್ನು ಬಿಟ್ಟರೆ ಹೇಳುವವರು ಕೇಳುವವರು ಒಬ್ಬರೂ ಇಲ್ಲ. ಕೂಸೊಂದು ಅದರೊಳಗೆ ಜಾರಿದ ಮೇಲೆ ಜಿಲ್ಲಾಧಿಕಾರಿಗಳೂ ಅಗ್ನಿಶಾಮಕ ದಳದವರೂ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರೂ ಬಂದು ಸೇರುವವರೆಗಿನ ಹೊತ್ತು ಸಂಪೂರ್ಣವಾಗಿ ಊರವರ ಕೈಯಲ್ಲಿರುತ್ತದೆ. ಆ ಹೊತ್ತನ್ನು ಹೇಗೆ ನಡೆಸಬೇಕು, ಆ ಹೊತ್ತಿನಲ್ಲಿ ಯಾರು ಮಾತನಾಡಬೇಕು, ಯಾರಿಗೆ ಮೊದಲು ಹೇಳಬೇಕು ಎಂಬುದನ್ನು ದುರಂತ ಬರುವ ಮೊದಲೇ ಪಂಚಾಯಿತಿಗಳು ನಿಶ್ಚಯಿಸಿಕೊಳ್ಳಬೇಕೆಂದು ಬೇಡಿಕೊಳ್ಳುವುದಕ್ಕಾಗಿಯೇ ಈ ಪತ್ರ.

2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲೂಕಿನ ಲಚ್ಯಾಣದಲ್ಲಿ ನಡೆದುದನ್ನು ನೀವೆಲ್ಲರೂ ಬಲ್ಲಿರಿ. ಆಗಷ್ಟೇ ಕೊರೆಸಿದ್ದ, ಇನ್ನೂ ಬಾಯಿ ಮುಚ್ಚದಿದ್ದ ಕೊಳವೆಬಾವಿಯೊಳಕ್ಕೆ, ಎರಡು ವರ್ಷವೂ ತುಂಬದ ಕೂಸು ಆಡುತ್ತ ಆಡುತ್ತ ಹೋಗಿ ತಲೆಕೆಳಗಾಗಿ ಜಾರಿತು. ಸುಮಾರು 16 ಅಡಿಯ ಆಳದಲ್ಲಿ ಸಿಕ್ಕಿಕೊಂಡಿತು. ಕೊಳವೆಯ ಮೂಲಕ ಆಮ್ಲಜನಕ ಬಿಟ್ಟರು; ಕ್ಯಾಮೆರಾ ಇಳಿಸಿದಾಗ ಪುಟ್ಟ ಕಾಲುಗಳು ಅಲುಗಾಡುವುದು ಕಾಣಿಸಿತು; ಪಕ್ಕದಲ್ಲಿ ಜೆಸಿಬಿಯಿಂದ ಇಪ್ಪತ್ತು ಅಡಿಗೂ ಆಳವಾದ ಗುಂಡಿ ತೋಡಿ, ಅಲ್ಲಿಂದ ಅಡ್ಡಲಾಗಿ ಕೊರೆಯುತ್ತ ಹೋದರೆ ನಡುವೆ ಗಟ್ಟಿ ಬಂಡೆ ಎದುರಾಯಿತು. ಯಂತ್ರದಿಂದ ಒಡೆದರೆ ಅದುರು ಕೂಸಿನವರೆಗೆ ಮುಟ್ಟೀತೆಂಬ ಭಯ, ಕೈಯಿಂದ ಒಡೆದರೆ ಹೊತ್ತು ಕಳೆದೀತೆಂಬ ಭಯ. ಈ ಎರಡು ಭಯಗಳ ನಡುವೆ ಇರುಳೆಲ್ಲ ಕಳೆದು, ಮರುದಿನ ಮಧ್ಯಾಹ್ನ, ಬಿದ್ದ ಸುಮಾರು 20 ಗಂಟೆಗಳ ತರುವಾಯ, ಕೂಸನ್ನು ಜೀವಂತವಾಗಿ ಮೇಲಕ್ಕೆತ್ತಿದರು. ಲಚ್ಯಾಣದ ಸಿದ್ಧಲಿಂಗ ಮಹಾರಾಜರ ಕೃಪೆಯೆಂದು ಊರವರು ಕೈಮುಗಿದರು. ಆ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಅದರೊಡನೆಯೇ, ಗುಂಡಿಯೊಳಗೆ ಮಂಡಿಯೂರಿ ಕಲ್ಲು ಕೆತ್ತಿದ ಕೈಗಳನ್ನೂ, ಇರುಳಿಡೀ ದೀಪ ಆರದಂತೆ ನೋಡಿಕೊಂಡವರನ್ನೂ ನಾವು ನೆನೆಯತಕ್ಕದ್ದು.

ಲಚ್ಯಾಣದ ಸಂತೋಷ ನಮ್ಮನ್ನು ಮೈಮರೆಸಬಾರದು. ಇದಕ್ಕೂ ಹಲವು ವರ್ಷಗಳ ಹಿಂದೆ, ಆಗ ಇಂಡಿ ತಾಲೂಕಿಗೇ ಸೇರಿದ್ದ ದೇವರ ನಿಂಬರಗಿಯಲ್ಲಿ ಹೀಗೆಯೇ ಬಿದ್ದ ಹೆಣ್ಣುಮಗು ಬದುಕಿ ಬರಲಿಲ್ಲ. 2014ರ ಜೂನಿನಲ್ಲಿ ವಿಜಯಪುರದ ಬಳಿಯ ನಾಗಠಾಣದಲ್ಲಿ, ಅದೇ ವರ್ಷದ ಆಗಸ್ಟಿನಲ್ಲಿ ಬಾದಾಮಿ ತಾಲೂಕಿನ ಸೂಳಿಕೇರಿಯಲ್ಲಿ, 2017ರ ಏಪ್ರಿಲಿನಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ, ಮೂರೂ ಕಡೆ ದಿನಗಟ್ಟಲೆ ಕಾದ ಜನ ಕೊನೆಗೆ ಬರಿಗೈಯಲ್ಲಿ ಮನೆಗೆ ಮರಳಿದರು. ಆಳ, ಮಣ್ಣು, ನೀರು, ಬಿದ್ದ ಭಂಗಿ ಇವೆಲ್ಲವೂ ಒಂದೊಂದು ಕಡೆ ಒಂದೊಂದು ಬಗೆಯಾಗಿದ್ದುವಾದುದರಿಂದ, ಇಲ್ಲಿ ಉಳಿಯಿತು ಅಲ್ಲಿ ಅಳಿಯಿತು ಎಂದು ಜನರನ್ನು ಜನರೊಡನೆ ಹೋಲಿಸುವುದು ಅನ್ಯಾಯವಾದೀತು. ಆದರೆ ಈ ಎಲ್ಲ ಸಂದರ್ಭಗಳಿಗೂ ಸಮಾನವಾದ ಒಂದು ಸಂಗತಿಯುಂಟು: ಪರಿಣತರ ತಂಡ ಬಹು ದೂರದಿಂದ ಬರಬೇಕಾಗಿರುತ್ತದೆ. ಲಚ್ಯಾಣಕ್ಕೆ ಹೈದರಾಬಾದಿನ ಕಡೆಯಿಂದ ಪಡೆ ಬಂದಿತು. ಆ ದಾರಿ ಸವೆಯುವಷ್ಟು ಹೊತ್ತು ಬಾವಿಯ ಬಾಯಿಯ ಬಳಿ ನಿಂತಿರುವವರು ನೀವು, ನಿಮ್ಮ ಓಣಿಯ ಹುಡುಗರು, ನಿಮ್ಮ ಊರಿನ ಶಾಲೆಯ ಮಾಸ್ತರರು.

ಆ ಹೊತ್ತಿನಲ್ಲಿ ಏನಾಗುತ್ತದೆಂಬುದನ್ನು ನಾವು ಕಣ್ಣಾರೆ ಕಂಡವರೇ. ಕೂಗು ಕೇಳಿದೊಡನೆ ಊರಿಗೆ ಊರೇ ಓಡಿಬರುತ್ತದೆ. ಪ್ರತಿಯೊಬ್ಬನೂ ಬಗ್ಗಿ ನೋಡಬಯಸುತ್ತಾನೆ. ಒಬ್ಬನು ಹಗ್ಗ ಇಳಿಸುತ್ತಾನೆ, ಮತ್ತೊಬ್ಬನು ಕೊಕ್ಕೆ ಕಟ್ಟುತ್ತಾನೆ, ಮೂರನೆಯವನು ಮೊಬೈಲಿನ ಬ್ಯಾಟರಿ ಬಿಡುತ್ತಾನೆ. ಅವರೆಲ್ಲರ ಅಂತಃಕರಣ ನಿರ್ಮಲವಾದುದೇ ಸರಿ, ಆದರೆ ಅವರ ಕಾಲಡಿಯ ನೆಲ ಅಂತಃಕರಣವನ್ನು ಅರಿಯದು. ನಮ್ಮ ಕರಿಯ ಎರೆ ಬೇಸಗೆಯಲ್ಲಿ ಒಣಗಿ ಬಿರುಕುಬಿಟ್ಟಿರುತ್ತದೆ. ಅದರ ಕೆಳಗಿನ ಗರಸು ಸಡಿಲವಾಗಿರುತ್ತದೆ. ಕೇಸಿಂಗ್ ಇಳಿಸದ, ಇಲ್ಲವೆ ಕಿತ್ತೊಯ್ದ ಬಾವಿಯ ಅಂಚಿನ ಮೇಲೆ ಹತ್ತಾರು ಮಂದಿಯ ಭಾರ ಬಿದ್ದರೆ, ಕಣಜದ ಬಾಯಿಂದ ಜೋಳ ಸುರಿಯುವ ಹಾಗೆ ಮಣ್ಣು ಸಿಕ್ಕಿಬಿದ್ದ ಕೂಸಿನ ಮೇಲೆಯೇ ಸುರಿಯುತ್ತದೆ. ಅವಿವೇಕದಿಂದ ಇಳಿಬಿಟ್ಟ ಹಗ್ಗವೂ ಕೊಕ್ಕೆಯೂ ಕೂಸನ್ನು ಮತ್ತಷ್ಟು ಕೆಳಕ್ಕೆ ದೂಡಬಲ್ಲುವು. ಆದುದರಿಂದ ಮೊದಲ ಕರ್ತವ್ಯವೆಂದರೆ, ಆ ಬಾಯಿಯ ಸುತ್ತ ದೂರದಲ್ಲಿ ಹಗ್ಗ ಕಟ್ಟಿ, ಊರು ಯಾರ ಮಾತನ್ನು ಕೇಳುವುದೋ ಅಂಥ ನಾಲ್ವರನ್ನು ಅಲ್ಲಿ ನಿಲ್ಲಿಸಿ, ಮಿಕ್ಕವರನ್ನು ಹಿಂದಕ್ಕೆ ಸರಿಸುವುದು. ಎರಡನೆಯದು ಮೌನ. ಒಳಗಿನಿಂದ ಅಳು ಕೇಳುತ್ತಿದೆಯೆ, ಎಷ್ಟು ಹೊತ್ತಿಗೊಮ್ಮೆ ಕೇಳುತ್ತಿದೆ, ಯಾವಾಗ ನಿಂತಿತು ಎಂಬುದು ಮುಂದೆ ಬರುವ ವೈದ್ಯರಿಗೆ ಅಮೂಲ್ಯವಾದ ಮಾಹಿತಿ; ಟ್ರ್ಯಾಕ್ಟರು, ಜನರೇಟರು, ಜನಸಂದಣಿಯ ಗದ್ದಲದಲ್ಲಿ ಅದು ಮುಳುಗಿಹೋದರೆ ಮತ್ತೆ ಸಿಕ್ಕುವಂಥದಲ್ಲ.

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅದನ್ನು ಯಾರೂ ಗಮನಿಸಿದಂತೆ ಕಾಣುವುದಿಲ್ಲ. ಬೋರ್ ಗಾಡಿಯವನು ಕೊರೆದು ಮುಗಿಸಿ ಹೋಗುವಾಗ ಹೊಲದ ಯಜಮಾನನ ಕೈಗೆ ಒಂದು ಚೀಟಿ ಕೊಟ್ಟಿರುತ್ತಾನೆ. ಅವನ ಕೂಲಿಯ ಲೆಕ್ಕ ಅಡಿಯ ಮೇಲೆ ನಡೆಯುವುದರಿಂದ, ಎಷ್ಟು ಅಡಿ ಕೊರೆಯಿತು, ಎಷ್ಟು ಅಡಿ ಕೇಸಿಂಗ್ ಇಳಿಯಿತು ಎಂಬುದು ಅದರಲ್ಲಿ ಬರೆದಿರುತ್ತದೆ. ಬಾಕಿ ತೀರುವವರೆಗೆ ಅದು ಅಂಗಿಯ ಜೇಬಿನಲ್ಲಿಯೋ ದೇವರ ಗೂಡಿನಲ್ಲಿಯೋ ಇರುತ್ತದೆ, ಆಮೇಲೆ ಹರಿದು ಹೋಗುತ್ತದೆ. ರಕ್ಷಣಾ ಪಡೆಯವರಿಗೆ ಆ ಚೀಟಿಯೇ ನಕ್ಷೆ. ಮೆತ್ತನೆಯ ಮಣ್ಣು ಎಲ್ಲಿಯವರೆಗೆ, ಬಂಡೆ ಎಲ್ಲಿಂದ, ಪೈಪು ಎಲ್ಲಿ ಮುಗಿದು ಬರಿಯ ಕಲ್ಲಿನ ಗೋಡೆ ಶುರುವಾಗುತ್ತದೆ, ನೀರು ಎಷ್ಟು ಆಳದಲ್ಲಿ ಸಿಕ್ಕಿತು, ಕೊರೆದ ರಂಧ್ರದ ಅಗಲವೆಷ್ಟು ಎಂಬುದು ತಿಳಿದರೆ, ಪಕ್ಕದ ಗುಂಡಿಯನ್ನು ಎಷ್ಟು ದೂರದಲ್ಲಿ ತೋಡಬೇಕು, ಜೆಸಿಬಿ ಎಲ್ಲಿ ನಿಲ್ಲಬೇಕು, ಬ್ರೇಕರ್ ಯಾವಾಗ ಬೇಕಾಗುತ್ತದೆ ಎಂಬುದನ್ನು ಅವರು ಬಂದ ಕ್ಷಣದಲ್ಲಿಯೇ ನಿರ್ಧರಿಸಬಲ್ಲರು. ಚೀಟಿ ಸಿಕ್ಕದಿದ್ದರೆ ಗಾಡಿಯ ಆಪರೇಟರನ ಫೋನ್ ನಂಬರಾದರೂ ಬೇಕು. ಆ ನೆಲವನ್ನು ಒಳಗಿನಿಂದ ಬಲ್ಲವನು ಅವನೊಬ್ಬನೇ. ಪಂಚಾಯಿತಿಯ ಕಚೇರಿಯಲ್ಲಿ ಒಂದು ದಪ್ಪ ಪುಸ್ತಕವನ್ನಿಟ್ಟು, ಊರಿನ ಸೀಮೆಯಲ್ಲಿ ಕೊರೆಯುವ ಪ್ರತಿಯೊಂದು ಬೋರಿನ ಈ ವಿವರಗಳನ್ನು ಬರೆಸಿಡುವುದು ಯಾವ ದೊಡ್ಡ ಕೆಲಸವೂ ಅಲ್ಲ. ನೀರು ಬಿದ್ದ ಬೋರುಗಳ ಮಾತು ಹಾಗಿರಲಿ, ಬೀಳದ ಬೋರುಗಳನ್ನು ಮೊದಲು ಬರೆಸಬೇಕು.

ಹಾಗೆಯೇ ಜೆಸಿಬಿ ಮತ್ತು ಬ್ರೇಕರ್ ಉಳ್ಳವರ ಹೆಸರು, ರಾತ್ರಿಯ ಹೊತ್ತು ಊರಿನ ಲೈನಿನಲ್ಲಿ ಕರೆಂಟ್ ಹೋಗದಂತೆ ನೋಡಿಕೊಳ್ಳಬಲ್ಲ ಹೆಸ್ಕಾಂ ಲೈನ್‌ಮನ್, ಸಮೀಪದ ಆಸ್ಪತ್ರೆ, ಇವುಗಳ ಪಟ್ಟಿ ಗೋಡೆಯ ಮೇಲೆ ಇರಲಿ. 112, 108 ಮತ್ತು ಜಿಲ್ಲಾ ನಿಯಂತ್ರಣ ಕೊಠಡಿಯ 1077 ಎಲ್ಲರಿಗೂ ಬಾಯಿಪಾಠವಾಗಿರಲಿ. ಹೊರಗಿನಿಂದ ಬರುವ ಪಡೆಯವರಲ್ಲಿ ಕನ್ನಡ ಬಾರದವರೇ ಹೆಚ್ಚಿರಬಹುದಾದ್ದರಿಂದ, ಹಿಂದಿ ಬಲ್ಲ ಒಬ್ಬರನ್ನು, ಅನೇಕ ಊರುಗಳಲ್ಲಿರುವ ಮಾಜಿ ಸೈನಿಕರು ಇದಕ್ಕೆ ಅತ್ಯಂತ ಯೋಗ್ಯರು, ಅವರ ನಾಯಕನ ಪಕ್ಕದಲ್ಲಿಯೇ ನಿಲ್ಲಿಸಬೇಕು.

ಈಗ ಮಾತಿನ ವಿಚಾರಕ್ಕೆ ಬರುತ್ತೇನೆ. ನನ್ನ ಮನಸ್ಸನ್ನು ಅತಿಯಾಗಿ ಕಾಡಿರುವುದು ಅದೇ.

2006ರ ಜನವರಿ 2ರಂದು ಅಮೆರಿಕದ ಪಶ್ಚಿಮ ವರ್ಜೀನಿಯಾದ ಸಾಗೋ ಎಂಬ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 13 ಮಂದಿ ಒಳಗೆ ಸಿಕ್ಕಿಬಿದ್ದರು. ಅವರ ಬಂಧುಗಳು ಗಣಿಯ ಬಳಿಯ ಚರ್ಚಿನಲ್ಲಿ ಸೇರಿ ಕಾಯುತ್ತ ಕುಳಿತರು. ಮರುದಿನದ ನಡುರಾತ್ರಿಯ ಸುಮಾರಿಗೆ, ಉಸಿರಾಟದ ಮುಖವಾಡ ಧರಿಸಿ ಒಳಹೊಕ್ಕಿದ್ದ ತಂಡದ ಮಾತು ರೇಡಿಯೋದ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟುತ್ತ ಮೇಲಕ್ಕೆ ಬರುವಷ್ಟರಲ್ಲಿ, ಹನ್ನೆರಡು ಮಂದಿ ಬದುಕಿದ್ದಾರೆಂಬ ಅರ್ಥವನ್ನು ತಾಳಿತು; ಕೇಳಿದವರು ತಡೆಯಲಾರದೆ ಅದನ್ನು ಬಂಧುಗಳಿಗೆ ಮುಟ್ಟಿಸಿದರು; ಚರ್ಚಿನ ಗಂಟೆಗಳು ಮೊಳಗಿದುವು, ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡು ಹಾಡಿದರು. ನಿಜಾಂಶವೋ ತದ್ವಿರುದ್ಧವಾಗಿತ್ತು. ಹನ್ನೆರಡು ಮಂದಿ ತೀರಿಕೊಂಡಿದ್ದರು, ಉಳಿದವನು ಒಬ್ಬನೇ. ಮೇಲಿನವರಿಗೆ ಸಂಶಯ ಹುಟ್ಟಿದ ಮೇಲೆಯೂ, ಪೂರ್ತಿ ಖಚಿತವಾಗಲಿ ಎಂದು ಕಾಯುತ್ತ ಕಾಯುತ್ತ, ಬಂಧುಗಳಿಗೆ ಸತ್ಯ ತಿಳಿಸುವ ಹೊತ್ತಿಗೆ ಸುಮಾರು ಮೂರು ಗಂಟೆಗಳು ಕಳೆದಿದ್ದುವು. ಆ ಕುಟುಂಬಗಳಿಗೆ ಸಾವಿನ ದುಃಖದ ಮೇಲೆ ಮೋಸಹೋದ ದುಃಖವೂ ಸೇರಿತು. ಯಾರೂ ಬೇಕೆಂದು ಸುಳ್ಳಾಡಿರಲಿಲ್ಲ, ಆದರೆ ಯಾರು ಹೇಳಬೇಕು, ಯಾವಾಗ ಹೇಳಬೇಕು ಎಂಬ ಕಟ್ಟುಪಾಡು ಅಲ್ಲಿರಲಿಲ್ಲ.

ಇದಕ್ಕೆ ಎದುರಾದ ನಿದರ್ಶನವನ್ನು ಚಿಲಿ ದೇಶದಲ್ಲಿ ಕಾಣಬಹುದು. 2010ರ ಆಗಸ್ಟ್ 5ರಂದು ಸಾನ್ ಹೊಸೆ ಗಣಿ ಕುಸಿದು 33 ಮಂದಿ ಒಳಗೆ ಸಿಲುಕಿದಾಗ, ಅವರು ಬದುಕಿದ್ದಾರೆಂಬುದು ಗೊತ್ತಾಗಲು 17 ದಿನಗಳು ಬೇಕಾದುವು, ಮೇಲಕ್ಕೆ ಬರಲು ಒಟ್ಟು 69 ದಿನಗಳು. ಆ ಮೊದಲ ದಿನಗಳಲ್ಲಿ ಗಾಳಿಕೊಳವೆಯ ದಾರಿಯೂ ಕುಸಿದುಬಿದ್ದಾಗ, ಗಣಿ ಸಚಿವರಾಗಿದ್ದ ಲಾರೆನ್ಸ್ ಗೊಲ್ಬೋರ್ನ್ ಅದನ್ನು ಮುಚ್ಚಿಡದೆ, ಬಂಧುಗಳ ಎದುರಿಗೆ ಬಂದು ನಿಂತು, ಸುದ್ದಿ ಒಳ್ಳೆಯದಲ್ಲವೆಂದು ತಾವೇ ಹೇಳಿದರು. ಕೆಟ್ಟ ಸುದ್ದಿಯನ್ನು ಮುಖಾಮುಖಿಯಾಗಿ ಹೇಳಿದವನ ಒಳ್ಳೆಯ ಸುದ್ದಿಯನ್ನೂ ಜನ ನಂಬುತ್ತಾರೆ; ಆ ನಂಬಿಕೆಯಿಂದಲೇ ಅಷ್ಟು ದೀರ್ಘಕಾಲದ ಕಾಯುವಿಕೆಯನ್ನು ಆ ಬಂಧುಗಳು ತಾಳಿಕೊಂಡರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ನಾಡಿನಲ್ಲಿಯೇ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ, ನೆರೆಯ ರಾಜ್ಯದ ಲಾರಿ ಚಾಲಕನೊಬ್ಬನ ಮೊಬೈಲ್ ರಿಂಗಾಯಿತೆಂಬ ಮಾತು ಹಬ್ಬಿ, ಅವನು ಮಣ್ಣಿನಡಿಯಲ್ಲಿ ಜೀವಂತವಾಗಿದ್ದಾನೆಂಬ ಆಸೆ ಎರಡು ರಾಜ್ಯಗಳ ಜನರನ್ನು ಹಿಡಿದು ನಿಲ್ಲಿಸಿತು. ಲಾರಿಯೂ ಅವನ ದೇಹವೂ ಗಂಗಾವಳಿ ನದಿಯೊಳಗಿಂದ ಹೊರಬಂದದ್ದು ಸೆಪ್ಟೆಂಬರ್ 25ರಂದು. ಆ ನಡುವಿನ ದಿನಗಳಲ್ಲಿ ಆ ಮನೆಯವರ ಕಿವಿಗೆ ಬಿದ್ದ ಮಾತುಗಳನ್ನೆಲ್ಲ ಊಹಿಸಿಕೊಂಡರೆ ಎದೆ ಕುಂದುತ್ತದೆ.

ಆದುದರಿಂದ ನಿಮ್ಮಲ್ಲಿ ನನ್ನ ವಿಜ್ಞಾಪನೆ ಇಷ್ಟು. ಇಂಥ ವಿಪತ್ತು ಒದಗಿದ ಕ್ಷಣದಿಂದ ಊರಿನ ಪರವಾಗಿ ಒಬ್ಬರೇ ಮಾತನಾಡತಕ್ಕದ್ದು. ಅಧಿಕಾರಿಗಳು ಬಂದ ಮೇಲೆ ಜಿಲ್ಲಾಡಳಿತ ಗೊತ್ತುಮಾಡಿದ ಒಬ್ಬರೇ. ಅವರು ಆಡುವ ಪ್ರತಿಯೊಂದು ಮಾತೂ ಟಿವಿಯವರ ಮೈಕಿಗಿಂತ ಮೊದಲು ಆ ಕೂಸಿನ ಅವ್ವ ಅಪ್ಪಂದಿರ ಕಿವಿಗೆ ಬೀಳಬೇಕು. ಅವರನ್ನು ಬಾವಿಯಿಂದ ತುಸು ದೂರದ ಒಂದು ಮನೆಯಲ್ಲಿ, ಅವರಿಗೆ ಬೇಕಾದವರೊಡನೆ ಮಾತ್ರ ಕೂರಿಸಿ, ಆಶಾ ಕಾರ್ಯಕರ್ತೆಯಂಥ ತಿಳಿದ ಹೆಣ್ಣುಮಗಳೊಬ್ಬಳು ಅವರ ಪಕ್ಕವನ್ನು ಬಿಡದೆ ಇರುವಂತೆ ನೋಡಿಕೊಳ್ಳಿ. ಹೇಳುವಂಥ ಹೊಸ ಸುದ್ದಿ ಇಲ್ಲದಿದ್ದರೂ ಗಂಟೆಗೊಮ್ಮೆ ಅವರ ಬಳಿಗೆ ಹೋಗಿ, ಇಷ್ಟು ಅಡಿ ತೋಡಿದೆ, ಇನ್ನು ಇಷ್ಟು ಉಳಿದಿದೆ, ಕ್ಯಾಮೆರಾದಲ್ಲಿ ಕಂಡದ್ದು ಇಷ್ಟು, ಗೊತ್ತಾಗದೆ ಇರುವುದು ಇಷ್ಟು ಎಂದು ಹೇಳಬೇಕು. ಗೊತ್ತಿಲ್ಲ ಎಂಬ ಮಾತಿಗೆ ಹೆದರಬೇಡಿ. ಹೆತ್ತವರು ಅದನ್ನು ಸಹಿಸುತ್ತಾರೆ. ಸಂಜೆಯೊಳಗೆ ತೆಗೆದುಬಿಡುತ್ತೇವೆ ಎಂಬ ಮಾತು ಸುಳ್ಳಾದಾಗ ಅವರು ಕುಸಿಯುತ್ತಾರೆ. ಹೊಲದ ಯಜಮಾನನು ಬಹುತೇಕ ಆ ಕೂಸಿನ ಅಜ್ಜನೋ ಕಾಕನೋ ಆಗಿರುತ್ತಾನೆಂಬುದನ್ನೂ ಮರೆಯಬಾರದು. ಅವನನ್ನು ಕ್ಯಾಮೆರಾದ ಎದುರಿಗೆ ನಿಲ್ಲಿಸಿ ತಪ್ಪು ಯಾರದೆಂದು ಕೇಳುವ ಹೊತ್ತು ಅದಲ್ಲ.

ಹುಡುಗರಿಗೆ, ವಿಶೇಷವಾಗಿ ವಾಟ್ಸ್ಆ್ಯಪ್ ಗುಂಪುಗಳನ್ನು ನಡೆಸುವವರಿಗೆ, ನೀವೇ ಕರೆದು ಹೇಳಬೇಕಾದ ಮಾತೊಂದುಂಟು: ಕ್ಯಾಮೆರಾದ ತೆರೆಯ ಮೇಲೆ ಕಂಡ ಕೂಸಿನ ಚಿತ್ರವನ್ನು ಯಾರೂ ಹಂಚಬಾರದು. ಅದು ರಕ್ಷಕರ ಕೆಲಸಕ್ಕೆಂದು ತೆಗೆದುದು. ಅವರ ಉತ್ಸಾಹಕ್ಕೆ ಬೇರೆ ಕೆಲಸ ಕೊಡಿ. ದಾರಿ ತೆರವು ಮಾಡಲಿ, ನೀರು ಕೊಡಲಿ, ಆಂಬ್ಯುಲೆನ್ಸ್ ಬರುವ ಕಡೆ ಗಾಡಿಗಳು ನಿಲ್ಲದಂತೆ ನೋಡಿಕೊಳ್ಳಲಿ.

ಈ ಸಿದ್ಧತೆಯನ್ನು ಕೊಳವೆಬಾವಿಗಷ್ಟೇ ಸೀಮಿತಗೊಳಿಸಬಾರದು. 2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಗೋವಿನಜೋಳದ ಮೂಟೆಗಳ ರಾಶಿ ಕುಸಿದು ಏಳು ಮಂದಿ ಕಾರ್ಮಿಕರು ಅದರಡಿಯಲ್ಲಿ ಸಿಕ್ಕಿ ಸತ್ತರು. ಏಳೂ ಮಂದಿ ಬಿಹಾರದವರು. ಅವರ ಮನೆಯವರು ಸಾವಿರ ಮೈಲಿಯಾಚೆ. ಇಂಥ ವೇಳೆಯಲ್ಲಿ ಒಳಗೆ ಯಾರು ಯಾರಿದ್ದರೆಂಬ ಪಟ್ಟಿ, ಅವರವರ ಮನೆಯ ಫೋನ್ ನಂಬರು, ಅವರ ಭಾಷೆಯಲ್ಲಿ ಮಾತನಾಡಬಲ್ಲ ಒಬ್ಬ ಮನುಷ್ಯ, ಈ ಮೂರು ಇಲ್ಲದಿದ್ದರೆ ಎಂಥ ಸಮರ್ಥ ಆಡಳಿತವೂ ಮೂಕವಾಗುತ್ತದೆ. ಮುದ್ದೇಬಿಹಾಳ, ತಾಳಿಕೋಟೆಯ ಕಡೆಯ ಕಲ್ಲಿನ ಕ್ವಾರಿಗಳಲ್ಲಿ, ಸಕ್ಕರೆ ಕಾರ್ಖಾನೆಗಳ ಗೋದಾಮುಗಳಲ್ಲಿ, ಬಾವಿ ತೋಡುವ ಕೆಲಸಗಳಲ್ಲಿ ಹೊರಗಿನಿಂದ ಬಂದು ದುಡಿಯುವವರ ಹೆಸರುಗಳನ್ನು ದಿನದಿನವೂ ಬರೆದಿಡುವಂತೆ ಮಾಲೀಕರಿಗೆ ನೀವು ಹೇಳಬಹುದು. ಗಣಿಗಳ ಕಾನೂನು ನೆಲದಡಿ ಇಳಿಯುವವರ ಪಟ್ಟಿಯನ್ನು ಕಡ್ಡಾಯ ಮಾಡಿರುವುದು ಇದೇ ಕಾರಣಕ್ಕಾಗಿ. ಒಳಗೆ ಸಿಲುಕಿದವರೊಡನೆ ಮಾತಿನ ನಂಟು ಉಳಿಸಿಕೊಳ್ಳುವುದೂ ಅಷ್ಟೇ ಮುಖ್ಯ. 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದೊಳಗೆ 41 ಮಂದಿ ಸಿಲುಕಿದಾಗ, ಅವಶೇಷಗಳ ನಡುವೆ ತೂರಿಸಿದ ಕೊಳವೆಯೊಂದರ ಮೂಲಕ ಗಾಳಿಯೂ ಆಹಾರವೂ ಹೋದಂತೆ ಮಾತೂ ಹೋಯಿತು. 17ನೆಯ ದಿನ ಎಲ್ಲರೂ ಹೊರಬಂದರು. 1989ರ ನವೆಂಬರಿನಲ್ಲಿ ಬಂಗಾಳದ ರಾಣಿಗಂಜದ ಮಹಾಬೀರ್ ಗಣಿಗೆ ನೀರು ನುಗ್ಗಿದಾಗ, ಹೊಸದಾಗಿ ಕೊರೆದ ರಂಧ್ರದಲ್ಲಿ ಉಕ್ಕಿನ ಕೋಶವೊಂದನ್ನು ಇಳಿಸಿ, ಎಂಜಿನಿಯರ್ ಜಸವಂತ ಸಿಂಗ್ ಗಿಲ್ ತಾವೇ ಕೆಳಗಿಳಿದು 65 ಮಂದಿಯನ್ನು ಒಬ್ಬೊಬ್ಬರನ್ನಾಗಿ ಮೇಲಕ್ಕೆ ಕಳುಹಿಸಿದರು. ನಮ್ಮಲ್ಲಿ ಪ್ರಾಣಕ್ಕೆ ಎರವಾಗುವಂಥ ಕೊರೆಯುವ ಯಂತ್ರಗಳೇ, ಅಂಥ ರಂಧ್ರಗಳೇ ಅಲ್ಲಿ ಪ್ರಾಣ ಉಳಿಸಿದುವು.

ಕೊನೆಯದಾಗಿ ಬಾಯಿ ಮುಚ್ಚುವ ಮಾತು. ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಕೈಗೆತ್ತಿಕೊಂಡ ಮೊಕದ್ದಮೆಯಲ್ಲಿ 2010ರಲ್ಲಿಯೇ ಸ್ಪಷ್ಟವಾದ ನಿರ್ದೇಶನಗಳನ್ನು ಕೊಟ್ಟಿದೆ: ಕೊರೆಸುವುದಕ್ಕೆ 15 ದಿನ ಮೊದಲು ಲಿಖಿತವಾಗಿ ತಿಳಿಸಬೇಕು, ಬೋರ್ ಗಾಡಿಗಳು ನೋಂದಣಿಯಾಗಿರಬೇಕು, ಕೆಲಸ ನಡೆಯುವಾಗ ಸುತ್ತ ಬೇಲಿಯೂ ಫಲಕವೂ ಇರಬೇಕು, ಕೇಸಿಂಗಿನ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಬೇಕು, ಬಾಯಿಗೆ ಉಕ್ಕಿನ ತಗಡನ್ನು ಬೆಸುಗೆ ಹಾಕಬೇಕು ಇಲ್ಲವೆ ನಟ್ಟು ಬೋಲ್ಟು ಬಿಗಿದ ಗಟ್ಟಿ ಮುಚ್ಚಳ ಹಾಕಬೇಕು, ಮೋಟರು ರಿಪೇರಿಗೆಂದು ತೆಗೆದಾಗಲೂ ಬಾಯಿ ತೆರೆದಿರಬಾರದು, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು. ಇವೆಲ್ಲ ಕಾಗದದ ಮೇಲಿವೆ. ಹೊಲದಲ್ಲಿ ನಡೆಯುವುದೇನೆಂದರೆ, ಬೋರ್ ಗಾಡಿ ಹೋಗುವುದಕ್ಕೂ ಮೋಟರು ಇಳಿಯುವುದಕ್ಕೂ ನಡುವೆ ದಿನಗಳೋ ವಾರಗಳೋ ಕಳೆಯುತ್ತವೆ. ಸಾಲ ಆಗಬೇಕು, ಕರೆಂಟ್ ಸಿಗಬೇಕು. ಅಷ್ಟರವರೆಗೆ ಬಾಯಿಗೆ ಒಂದು ಗೋಣಿಚೀಲ ತುರುಕಿ ಮೇಲೊಂದು ಕಲ್ಲು ಇಡುತ್ತಾರೆ, ಆ ಕಲ್ಲನ್ನು ಯಾರೋ ಬೇರೆ ಕೆಲಸಕ್ಕೆ ಎತ್ತಿಕೊಂಡು ಹೋಗುತ್ತಾರೆ. ನೀರು ಬೀಳದಿದ್ದರಂತೂ, ಹಾಕಿದ ಹಣದಲ್ಲಿ ಅಷ್ಟಾದರೂ ಉಳಿಯಲೆಂದು ಕೇಸಿಂಗ್ ಪೈಪನ್ನೇ ಕಿತ್ತು ಮಾರುತ್ತಾರೆ ಅಥವಾ ಮುಂದಿನ ಬೋರಿಗೆ ಒಯ್ಯುತ್ತಾರೆ. ಹಾಗೆ ಕಿತ್ತಾಗ ಬಾಯಿ ಮತ್ತಷ್ಟು ಅಗಲವಾಗಿ, ಅಂಚು ಸಡಿಲವಾಗಿ, ಹುಲ್ಲು ಬೆಳೆದು ಮರೆಯಾಗುತ್ತದೆ. ಎರಡು ಮೂರು ಬೋರು ವಿಫಲವಾದ ರೈತನ ಕೈಯಲ್ಲಿ ನಾಲ್ಕನೆಯದನ್ನು ಮುಚ್ಚಿಸುವಷ್ಟು ದುಡ್ಡಿರುವುದಿಲ್ಲ. ಅವನನ್ನು ಬರಿದೆ ಬಯ್ಯುವುದರಿಂದ ಪ್ರಯೋಜನವಿಲ್ಲ. ಪಂಚಾಯಿತಿಯ ಬಳಿ ಹತ್ತಾರು ಮುಚ್ಚಳಗಳು ಸದಾ ಸಿದ್ಧವಾಗಿರಲಿ. ಗಾಡಿ ಊರು ಬಿಡುವ ಮೊದಲೇ ನೀರಗಂಟಿ ಹೋಗಿ ಬಾಯಿಗೆ ಒಂದನ್ನು ಬಿಗಿದು ಬರಲಿ. ಬಿಗಿದ ಮೇಲೆಯೇ ಆ ಚೀಟಿಯ ವಿವರ ಪುಸ್ತಕಕ್ಕೆ ಏರಲಿ.

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತನ್ನಿ. ಮಾತನಾಡುವ ಒಬ್ಬರ ಹೆಸರನ್ನೂ, ಹಗ್ಗದ ಬಳಿ ನಿಲ್ಲುವ ನಾಲ್ವರ ಹೆಸರನ್ನೂ ಅಂದೇ ಠರಾವಿನಲ್ಲಿ ಬರೆಸಿ, ಅಂಗನವಾಡಿಯ ಗೋಡೆಗೂ ಪಂಚಾಯಿತಿಯ ಗೋಡೆಗೂ ಅಂಟಿಸಿ. ಬೇಸಗೆ ಬರುವುದರೊಳಗೆ, ಅಂದರೆ ಬೋರ್ ಗಾಡಿಗಳು ಮತ್ತೆ ಹಳ್ಳಿಗಳ ದಾರಿ ಹಿಡಿಯುವುದರೊಳಗೆ, ಊರಿನ ಸೀಮೆಯನ್ನೊಮ್ಮೆ ಸುತ್ತಿ ತೆರೆದ ಬಾಯಿಗಳನ್ನು ಲೆಕ್ಕ ಹಾಕಿಸಿ, ಆ ಪಟ್ಟಿಯನ್ನು ತಹಶೀಲ್ದಾರರ ಕಚೇರಿಗೆ ಮುಟ್ಟಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ವಿಜಯಪುರ ಜಿಲ್ಲೆಯ ಒಬ್ಬ ನಿವಾಸಿ